ಆಯ್ಕೆಯಾಗದ ಮೀನುಗಳು ಆರಾಮವಾಗಿರುತ್ತವೆ

ಮಕ್ಕಳಿಗೆ ಪಾಠ ಹೇಳಿಕೊಡುವುದು ಬಹಳ ಸುಲಭ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಇಷ್ಟು ಗಟ್ಟಿಯಾದ ನಂಬಿಕೆ ಮಕ್ಕಳಿಲ್ಲದವರಿಗೆ ಮಾತ್ರ ಇರಲು ಸಾಧ್ಯ.

ನನ್ನ ಹೆಸರು ಗುರುನಾಥ. ವಿಜಯಪುರದ ಕಡೆಯವನು. ತುರ್ಭೆಯ ಒಂದು ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಡಬ್ಬಿಯ ಯಾವ ಮಗ್ಗುಲು ಮೇಲಿರಬೇಕು ಎಂದು ಬಾಣದ ಗುರುತು ಹಾಕಿಸುವುದು ನನ್ನ ಮುಖ್ಯ ಜವಾಬ್ದಾರಿ. ಡೊಂಬಿವಲಿ ಪೂರ್ವದ ಹಳೆಯ ಬಿಲ್ಡಿಂಗೊಂದರ ಮೂರನೆಯ ಮಾಳಿಗೆಯಲ್ಲಿ ನನ್ನ ಮತ್ತು ಹೆಂಡತಿ ಸರೋಜಾಳ ಸಂಸಾರ. ಮದುವೆಯಾದ ಮೇಲೆ ಬಹಳ ವರ್ಷ ಡಾಕ್ಟರುಗಳ ಬಾಗಿಲು ಕಾಯ್ದೆವು. ಕೊನೆಗೆ ಕಲ್ಯಾಣದ ಒಬ್ಬ ಡಾಕ್ಟರು ನಮ್ಮ ಕಾಗದಗಳನ್ನೆಲ್ಲ ಮಡಚಿ ಕೈಗಿತ್ತು, "ಇನ್ನು ಮನಸ್ಸನ್ನು ಬೇರೆ ಕಡೆ ತೊಡಗಿಸಿ" ಎಂದರು. ಬೇರೆ ಕಡೆ ಎಂದರೆ ಎಲ್ಲಿ ಎಂದು ಹೇಳಲಿಲ್ಲ. ಹೊರಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಬಣ್ಣದ ಮೀನಿನ ಅಂಗಡಿ. ಅಲ್ಲಿ ಬೇಕರಿ ಇದ್ದಿದ್ದರೆ ನನ್ನ ಬದುಕೇ ಬೇರೆಯಾಗುತ್ತಿತ್ತು!

ನಾನು ತಂದದ್ದು ಗಪ್ಪಿ ಮೀನು. ಕಿರುಬೆರಳಿನಷ್ಟೂ ಇರದ ಜೀವ. ಗಂಡಿಗೆ ಬೀಸಣಿಗೆಯಂಥ ಬಣ್ಣದ ಬಾಲ. ಹೆಣ್ಣು ತುಸು ದಪ್ಪ, ಸಾದಾ. ಇವು ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತವೆ. ಹಾಕುತ್ತಲೇ ಇರುತ್ತವೆ. ಔಷಧವಿಲ್ಲ, ಹರಕೆಯಿಲ್ಲ, ಕಲ್ಯಾಣಕ್ಕೆ ಓಡಾಟವಿಲ್ಲ. ನಮ್ಮ ಮನೆಯಲ್ಲಿ ಸಂತಾನಭಾಗ್ಯ ಉಕ್ಕಿ ಹರಿಯಿತು. ಸರೋಜಾ ಮಾತ್ರ ಆ ಟ್ಯಾಂಕಿನ ಹತ್ತಿರ ಸುಳಿಯುತ್ತಿರಲಿಲ್ಲ. ಕಸ ಗುಡಿಸುವಾಗ ಕೂಡ ಅದರ ಕಡೆ ಬೆನ್ನು ಮಾಡಿಯೇ ಗುಡಿಸುತ್ತಿದ್ದಳು.

ಮೀನು ನೋಡುವ ನೆಪದಲ್ಲಿ ಬರತೊಡಗಿದವಳು ಪಕ್ಕದ ಮನೆಯ ಪೂರ್ವಾ. ಒಂಬತ್ತು ವರ್ಷದ ಹುಡುಗಿ. ತಂದೆ ತಾಯಿ ಉಡುಪಿ ಕಡೆಯವರು. ಈಕೆ ಹುಟ್ಟಿದ್ದು, ಬೆಳೆದದ್ದು ಇಲ್ಲೇ; ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ಸಿಟ್ಟು ಬಂದರೆ ಮರಾಠಿಯಲ್ಲಿ. ಮೊದಮೊದಲು ಮೀನು ನೋಡಿ ಹೋಗುತ್ತಿದ್ದಳು. ಆಮೇಲೆ ಸರೋಜಾಳ ಮುಂದೆ ಕೂತು ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಜಡೆ ಹಾಕಿಸಿಕೊಂಡು ಹೋಗತೊಡಗಿದಳು. ಸಂಜೆಯ ಆ ಹೊತ್ತಿಗೆ ಸರೋಜಾ ಯಾರ ಮನೆಗೂ ಹೋಗುತ್ತಿರಲಿಲ್ಲ. ಯಾರು ಕರೆದರೂ ಮೊಣಕಾಲು ನೋವು ಎನ್ನುತ್ತಿದ್ದಳು. ಅವಳ ಮೊಣಕಾಲು ಚೆನ್ನಾಗಿಯೇ ಇತ್ತು.

ಹೀಗಿರಲು, ರಜೆಯ ಕೊನೆಗೆ ಇಲ್ಲಿನ ಒಂದು ಕನ್ನಡ ಸಂಘದವರು ಮಕ್ಕಳ ಹವ್ಯಾಸ ಪ್ರದರ್ಶನ ಇಟ್ಟುಕೊಂಡರು. ಪ್ರತಿ ಮಗುವೂ ತನ್ನ ಹವ್ಯಾಸದ ಬಗ್ಗೆ ಕನ್ನಡದಲ್ಲಿ ನಾಲ್ಕು ಮಾತು ಆಡಬೇಕು. ಪೂರ್ವಾಳ ತಾಯಿ ಶಾಲಿನಿ ತಲೆ ಮೇಲೆ ಕೈ ಹೊತ್ತು ಬಂದಳು.

"ಎಂತ ಮಾಡುದು ಅಣ್ಣ? ಹೆಸರು ಕೊಟ್ಟಾಗಿದೆ. ಇವಳಿಗೆ ಕನ್ನಡ ಅರ್ಥ ಆಗ್ತದೆ, ಬಾಯಿಗೆ ಬರುದಿಲ್ಲ."

"ನೀವು ನಿಶ್ಚಿಂತೆಯಿಂದ ಇರ್ರಿ ತಂಗಿ," ಎಂದೆ. "ವಿಷಯ ನನ್ನ ಕಡೆ ತಯಾರ ಅದ. ಅಕ್ವೇರಿಯಂ ಮೀನಿನೊಳಗ ಉತ್ತಮ ತಳಿಯ ಆಯ್ಕೆ!"

ಅಡುಗೆಮನೆಯಿಂದ ಸರೋಜಾ ಇಣುಕಿದಳು. "ಅಕಿಗೆ ಪಾಠ ಹೇಳಾಕ ನಿಮಗ ಬರ್ತದೇನ್ರೀ?"

"ಹೆಸರಿನಾಗ ಗುರು ಅದ," ಎಂದೆ.

"ಹೆಸರಿನಾಗ ನಾಥನೂ ಅದ," ಎಂದು ಅವಳು ಒಳಗೆ ಹೋದಳು.

ಮರುದಿನವೇ ಪಾಠ ಶುರು. ಟ್ಯಾಂಕಿನ ಮುಂದೆ ಎರಡು ಸ್ಟೂಲು ಹಾಕಿ, ಕೈಯಲ್ಲಿ ಅಡಿಕೋಲು ಹಿಡಿದು ನಾನು ತಳಿಶಾಸ್ತ್ರವನ್ನು ಉಪದೇಶಿಸಿದೆ. ಮರಿ ಬೇಕೆಂದರೆ ಕೈಗೆ ಸಿಕ್ಕ ಗಂಡನ್ನೂ ಹೆಣ್ಣನ್ನೂ ಕೂಡಿಸಿದರೆ ಆಗುವುದಿಲ್ಲ. ಬೆನ್ನು ನೇರವಾಗಿರಬೇಕು. ಬಾಲ, ರೆಕ್ಕೆ ಹರಿದಿರಬಾರದು. ಎರಡೂ ಕಣ್ಣು ಸಮ ಇರಬೇಕು. ಊಟ ಹಾಕಿದಾಗ ಮುಂದೆ ಬರಬೇಕು. ಮೂಲೆ ಹಿಡಿದು ಕೂರುವುದು, ಸುಮ್ಮನೆ ಇನ್ನೊಂದನ್ನು ಕಚ್ಚುವುದು ನಡೆಯುವುದಿಲ್ಲ. ಇವೆಲ್ಲ ಇದ್ದ ಮೀನು ತಳಿಗೆ ಯೋಗ್ಯ.

"ಈಗ ನೀನು ಒಂದು ಆರಿಸು," ಎಂದೆ.

ಪೂರ್ವಾ ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳು ಇಟ್ಟಳು. "ಯೇ ವಾಲಾ!"

ಅದು ಇಡೀ ಟ್ಯಾಂಕಿನಲ್ಲೇ ಅತ್ಯಂತ ಡೊಂಕು ಬೆನ್ನಿನ ಗಂಡು. ಇಂಗ್ಲಿಷಿನ ಎಸ್ ಅಕ್ಷರ ಈಜಿದ ಹಾಗೆ ಈಜುತ್ತಿತ್ತು. ಅದಕ್ಕೆ ಅವಳು ವಾಕ್ಡ್ಯಾ ಎಂದು ಹೆಸರನ್ನೂ ಇಟ್ಟಿದ್ದಳು. ಮರಾಠಿಯಲ್ಲಿ ಹಾಗೆಂದರೆ ಡೊಂಕ.

"ಇದು ತಳಿಗೆ ನಡಿಯಂಗಿಲ್ಲ ಬೇಟಾ. ಇದರ ಮರಿಗೂ ಡೊಂಕ ಬರ್ತದ."

"ತೋ ಕ್ಯಾ? ನಾನು ಬಂದರೆ ಇದೇ ಫಸ್ಟ್ ಬರ್ತದೆ."

"ಬಂದರೂ ಇಲ್ಲ. ಇದನ್ನ ತಗೀಬೇಕು."

"ತಗೀಬೇಕು ಮತ್ಲಬ್? ಫೇಕ್ ದೋಗೆ?" ಅವಳ ಕೆಳದುಟಿ ನಡುಗತೊಡಗಿತು. ನೋಡನೋಡುತ್ತ ಕಣ್ಣೀರು ಇಳಿಯಿತು.

ಸರೋಜಾ ಆಗ ತರಕಾರಿ ತರಲು ಕೆಳಗೆ ಹೋಗಿದ್ದಳು. ಅಳುವ ಮಗುವನ್ನು ಏನು ಮಾಡಬೇಕೆಂದು ನನಗೆ ತಿಳಿಯದು. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದೆ.

"ಚೆಲ್ಲೂದಿಲ್ಲ ಬೇಟಾ! ಬ್ಯಾರೆ ಟ್ಯಾಂಕಿನ್ಯಾಗ ಇಡ್ತೀವಿ. ಉಂಡ್ಕೊಂಡು ತಿಂದ್ಕೊಂಡು ಆರಾಮ ಇರ್ತದ. ನಾನೂ ಆಂಟೀನೂ ಇಲ್ಲೇನು? ನಮಗ ಮಕ್ಕಳಿಲ್ಲ. ಆದರ ಆರಾಮ ಅದೀವಿ ನೋಡು!"

ಪೂರ್ವಾ ಕಣ್ಣು ಒರೆಸಿಕೊಂಡಳು. ನನ್ನನ್ನು ಒಮ್ಮೆ, ವಾಕ್ಡ್ಯಾನನ್ನು ಒಮ್ಮೆ ನೋಡಿ ತಲೆಯಾಡಿಸಿದಳು. ಜೀವಂತ ಉದಾಹರಣೆ ಸಹಿತ ಇಂಥ ಬೋಧನೆ ಯಾವ ಶಾಲೆಯಲ್ಲಿ ಸಿಕ್ಕೀತು ಎಂದು ನನ್ನ ಎದೆ ಉಬ್ಬಿತು. ವಾಕ್ಡ್ಯಾ ಅಂದೇ ಬೇರೆ ಟ್ಯಾಂಕಿಗೆ ಹೋದ.

ಪ್ರದರ್ಶನಕ್ಕೆ ಎರಡು ದಿನ ಮೊದಲು ಆದರ್ಶ ಜೋಡಿಯನ್ನು ಆರಿಸಿ ಅಗಲ ಬಾಯಿಯ ಗಾಜಿನ ಭರಣಿಗೆ ಬಿಟ್ಟೆ. ಗಂಡು ನೀಲಿ ಬಾಲದ್ದು, ಅಡಿಕೋಲಿಟ್ಟು ಎಳೆದ ಹಾಗೆ ನೇರ. ಹೆಣ್ಣು ಗುಂಡಗೆ, ಪುಷ್ಟಿಯಾಗಿ ಇತ್ತು. ಅಪರೂಪಕ್ಕೆ ಸರೋಜಾ ಹತ್ತಿರ ಬಂದು ಬಗ್ಗಿ ನೋಡಿದಳು.

"ರೀ, ಇದು ಬಸರ ಅದ ಅನಸ್ತದ."

"ಏ, ಉಂಡ ಹೊಟ್ಟಿ ಅದು. ನಿನಗ ಹೆಂಗ ಗೊತ್ತಾಗಬೇಕು?"

ಮಾತು ಬಾಯಿಂದ ಹೊರಗೆ ಹೋಗಿತ್ತು. ಅದನ್ನು ಹಿಂದಕ್ಕೆ ಎಳೆಯುವ ಹಗ್ಗವನ್ನು ಯಾರೂ ಇನ್ನೂ ಮಾಡಿಲ್ಲ. ಬಗ್ಗಿದ್ದ ಸರೋಜಾ ನೆಟ್ಟಗಾದಳು.

"ಖರೆ," ಎಂದಳು. "ನನಗ ಹೆಂಗ ಗೊತ್ತಾಗಬೇಕು."

ಅಂದಿನ ಬೇಳೆಗೆ ಉಪ್ಪು ಇರಲಿಲ್ಲ. ನಾನು ಹಾಗೆಯೇ ಉಂಡೆ.

ಪ್ರದರ್ಶನ ಇದ್ದದ್ದು ಠಾಣೆಯ ಕೋಪರಿಯಲ್ಲಿ. ಭಾನುವಾರ. ರೈಲ್ವೆಯವರ ಮೆಗಾ ಬ್ಲಾಕ್, ಎಂದರೆ ಹಳಿ ದುರಸ್ತಿಗಾಗಿ ಗಾಡಿಗಳ ಕಡಿತ! ಇದ್ದ ನಾಲ್ಕು ಗಾಡಿಗೆ ಇಡೀ ಊರು ನುಗ್ಗಿತ್ತು. ಸರೋಜಾ, ಶಾಲಿನಿ, ಪೂರ್ವಾ ಹೆಂಗಸರ ಡಬ್ಬಿಗೆ ಹತ್ತಿದರು. ನಾನು ಭರಣಿಯನ್ನು ಎದೆಗೆ ಅವುಚಿಕೊಂಡು ಜನರಲ್ ಡಬ್ಬಿಯ ಮಧ್ಯಕ್ಕೆ ತಳ್ಳಲ್ಪಟ್ಟೆ.

"ಕ್ಯಾ ಹೈ ಇಸಮೆ?" ಎಂದ ಪಕ್ಕದವನು.

"ಮಛಲಿ."

"ಇತನೀ ಛೋಟಿ? ಖಾನೆ ಕಾ?"

"ನಹೀ. ಚುನಾ ಹುವಾ ಹೈ," ಎಂದೆ ಗಂಭೀರವಾಗಿ, ಆರಿಸಿದ್ದು ಎಂಬ ಅರ್ಥದಲ್ಲಿ. ಚುನಾವಣೆಯಲ್ಲಿ ಗೆದ್ದ ಮೀನು ಎಂದು ತಿಳಿದನೋ ಏನೋ, ಅವನು ಮತ್ತೆ ಮಾತಾಡಲಿಲ್ಲ. ದಿವಾದಲ್ಲಿ ನುಗ್ಗಿದ ಜನಕ್ಕೆ ನನ್ನ ಪಕ್ಕೆಲುಬು ಕಿರುಗುಟ್ಟಿತು. ಭರಣಿಯನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಮುಂಬ್ರಾದ ತಿರುವಿನಲ್ಲಿ ಗಾಡಿ ಜೋರಾಗಿ ಓಲಾಡಿತು. ಅರ್ಧ ನೀರು ನನ್ನ ಕುತ್ತಿಗೆಯಿಂದ ಒಳಗಿಳಿದು ಇಸ್ತ್ರಿ ಮಾಡಿದ ಅಂಗಿಯನ್ನು ಎದೆಗೆ ಅಂಟಿಸಿತು. ಪುಣ್ಯಕ್ಕೆ ಮೀನು ಒಳಗೇ ಉಳಿದವು. ಸಭಾಗೃಹ ಮುಟ್ಟಿದ ಕೂಡಲೇ ಭರಣಿ ತುಂಬಿಸಬೇಕೆಂಬ ಆತುರ. ಎದುರಿಗೆ ಕಂಡದ್ದು ಕುಡಿಯುವ ನೀರಿನ ಕೂಲರು. ಬಿಸಿಲಲ್ಲಿ ಬೆಂದು ಬಂದ ಜೀವಗಳ ಮೇಲೆ ಮಂಜಿನಂಥ ನೀರು ಸುರಿದೆ! ಹೆಣ್ಣು ಮೀನು ಒಮ್ಮೆ ಅದುರಿ ತಳಕ್ಕೆ ಹೋಗಿ ನಿಂತಿತು. ಪಾಪ, ದಣಿದಿದೆ ಎಂದುಕೊಂಡೆ.

ಪೂರ್ವಾಳ ಸರದಿ ಬಂತು. ಅಧ್ಯಕ್ಷತೆ ವಹಿಸಿದ್ದವರು ನಿವೃತ್ತ ಮುಖ್ಯೋಪಾಧ್ಯಾಯಿನಿ, ತೂಕದ ಹೆಂಗಸು. ಹುಡುಗಿ ಭರಣಿಯ ಪಕ್ಕ ನಿಂತು ನಾನು ಬಾಯಿಪಾಠ ಮಾಡಿಸಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದಳು: "ಮಾನ್ಯ ಸಭಿಕರೇ, ಉತ್ತಮ ತಳಿಯ ಮತ್ಸ್ಯದ ಲಕ್ಷಣಗಳನ್ನು ತಮ್ಮಲ್ಲಿ ನಿವೇದಿಸಿಕೊಳ್ಳುತ್ತೇನೆ..." ಜನ ಚಪ್ಪಾಳೆ ಹೊಡೆದರು. ಎರಡನೆಯ ಸಾಲಿನಲ್ಲಿ ಶಾಲಿನಿಯ ಕಣ್ಣು ತುಂಬಿತ್ತು. ಅವಳ ಪಕ್ಕದಲ್ಲಿ ಕೂತ ಸರೋಜಾಳ ತುಟಿ ಕೂಡ ಒಂದೊಂದು ಪದಕ್ಕೂ ಅಲುಗುತ್ತಿತ್ತು. ಅವಳಿಗೂ ಭಾಷಣ ಬಾಯಿಪಾಠವಾಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮುಂದಿನ ಸಾಲಿನಿಂದ ಒಬ್ಬ ಹುಡುಗ ಕೂಗಿದ: "ಅರೇ, ಪಿಲ್ಲು! ಪಿಲ್ಲು ಆಲಾ!"

ಮಕ್ಕಳೆಲ್ಲ ವೇದಿಕೆಗೆ ನುಗ್ಗಿದರು. ಭರಣಿಯಲ್ಲಿ ಸಾಸಿವೆಗೆ ಕಣ್ಣು ಬಂದ ಹಾಗೆ ಪುಟ್ಟ ಪುಟ್ಟ ಮರಿಗಳು! ಒಂದರ ಹಿಂದೆ ಒಂದು! ನಾನು ಒದ್ದೆ ಅಂಗಿಯಲ್ಲೇ ಕೈಮುಗಿದು ಅಭಿನಂದನೆ ಸ್ವೀಕರಿಸಿದೆ. ಆಗ ಊರುಗೋಲು ಹಿಡಿದ ಹಿರಿಯರೊಬ್ಬರು ಎದ್ದರು.

"ಮಗೂ, ಈ ಜೋಡಿಯನ್ನು ಯಾವಾಗ ಕೂಡಿಸಿದ್ದು?"

"ಪರಸೋಂ," ಎಂದಳು ಪೂರ್ವಾ. ಎಂದರೆ ಮೊನ್ನೆ.

"ಗಪ್ಪಿಯ ಬಸಿರು ಎಷ್ಟು ಕಾಲ?"

"ಸುಮಾರು ಒಂದು ತಿಂಗಳು," ಎಂದಳು. ನಾನೇ ಕಲಿಸಿದ್ದು.

ಹಿರಿಯರು ಬೆರಳು ಮಡಚಿ ಲೆಕ್ಕ ಹಾಕಿದರು. ಸಭೆಯೂ ಹಾಕಿತು. ಯಾರಿಗೂ ತಾಳೆಯಾಗಲಿಲ್ಲ. ಪೂರ್ವಾ ಸಹಾಯಕ್ಕೆ ಬಂದಳು. "ಯೇ ಪಪ್ಪಾ ನಹೀ. ಪಪ್ಪಾ ವಾಕ್ಡ್ಯಾ! ವೋ ಡೊಂಬಿವಲಿ ಮೇ ಹೈ."

ಸಭೆ ಬಿದ್ದು ಬಿದ್ದು ನಕ್ಕಿತು. ತಳಿ ಹಿಡಿಯುವವರು ಹೆಣ್ಣನ್ನು ಚಿಕ್ಕಂದಿನಲ್ಲೇ ಬೇರೆ ಇಡಬೇಕು. ನಾನು ಡೊಂಕನನ್ನು ತೆಗೆದದ್ದು ಅವನು ತನ್ನ ಕೆಲಸ ಮುಗಿಸಿದ ಮೇಲೆ. ಏನೂ ಅರಿಯದ ನೀಲಿ ಬಾಲದ ಆದರ್ಶ ಗಂಡು ಭರಣಿಯ ತುಂಬ ಠೀವಿಯಿಂದ ಸುತ್ತುತ್ತಿತ್ತು.

ನಗು ನಿಲ್ಲುವ ಮೊದಲೇ ಇನ್ನೊಂದು ಕಿರುಚು ಕೇಳಿತು. "ಖಾ ರಹೀ ಹೈ! ಮಮ್ಮಿ ಬಚ್ಚೆ ಕೋ ಖಾ ರಹೀ ಹೈ!"

ನಿಜ. ನಾನು ಆರಿಸಿದ ಸರ್ವಶ್ರೇಷ್ಠ ತಾಯಿ ಹೆತ್ತ ಮರಿಗಳನ್ನು ಒಂದೊಂದಾಗಿ ನುಂಗುತ್ತಿದ್ದಳು. ಗಪ್ಪಿಗಳ ರೀತಿಯೇ ಹಾಗೆ. ಮರಿಗಳಿಗೆ ಅಡಗಲು ಗಿಡವಿಲ್ಲದಿದ್ದರೆ ತಾಯಿಗೆ ಅವು ಊಟವೇ. ಸಭೆಯನ್ನು ಸಮಾಧಾನಪಡಿಸುವ ಹೊಣೆ ನನ್ನದೆಂದು ನಾನು ಮೈಕು ಕಿತ್ತುಕೊಂಡೆ.

"ಮಹನೀಯರೇ, ಮುದ್ದು ಮಕ್ಕಳೇ, ಹೆದರಬೇಡಿ! ತಾಯಿ ಮಗುವನ್ನು ತಿನ್ನುವುದು ಅತ್ಯಂತ ಸಹಜ!"

ಸಭಾಗೃಹದ ಅಷ್ಟೂ ಮಕ್ಕಳು ಒಟ್ಟಿಗೆ ಅತ್ತವು. ಒಂದು ಮಗು ತಾಯಿಯ ತೊಡೆಯಿಂದ ಇಳಿದು ಓಡಿತು.

ಅಧ್ಯಕ್ಷೆ ಮುಖ್ಯೋಪಾಧ್ಯಾಯಿನಿಯಾಗಿದ್ದವರು, ಪರಿಸ್ಥಿತಿ ಹಿಡಿತಕ್ಕೆ ತರಲು ನೋಡಿದರು. ಪೂರ್ವಾಳ ಬೆನ್ನು ಸವರಿ, "ಹೋಗಲಿ ಪುಟ್ಟಿ, ಒಂದು ಒಳ್ಳೆಯ ವಿಷಯ ಹೇಳು. ಆಯ್ಕೆಯಾಗದ ಮೀನುಗಳು ಏನು ಮಾಡುತ್ತವೆ?" ಎಂದರು.

ಪೂರ್ವಾಳ ಮುಖ ಅರಳಿತು. ಈ ಉತ್ತರ ಬಾಯಿಪಾಠದ್ದಲ್ಲ, ಮನಸ್ಸಿನದ್ದು. ಜೀವನದಲ್ಲಿ ಮೊದಲ ಸಲ ಅವಳು ಇಡೀ ವಾಕ್ಯವನ್ನು ಸ್ವಚ್ಛ ಕನ್ನಡದಲ್ಲಿ ಆಡಿದಳು.

"ಅವು ನಮ್ಮ ಗುರು ಅಂಕಲ್, ಸರೋಜಾ ಆಂಟಿ ಥರ. ಅವರಿಗೆ ಮಕ್ಕಳಿಲ್ಲ. ಬೇರೆ ಟ್ಯಾಂಕಿನಲ್ಲಿ ಊಟ ಮಾಡಿಕೊಂಡು ಆರಾಮ ಇರ್ತಾರೆ."

ಶಾಲಿನಿ ಮೆಟ್ಟಿಲು ಹತ್ತಿ ಬಂದು ಮಗಳ ರಟ್ಟೆ ಹಿಡಿದಳು. "ಎಂತ ಮಾತದು? ಯಾರು ಹೇಳಿಕೊಟ್ಟದ್ದು?" ಪೂರ್ವಾ ನನ್ನನ್ನು ನೋಡಿದಳು. ಹೆಸರು ಹೇಳಲಿಲ್ಲ. ಶಾಲಿನಿ ಕೈ ಎತ್ತಿದಳು.

"ಹೊಡೀಬ್ಯಾಡ್ರಿ! ಅದು ನನ್ನ ಮಾತು!" ಎಂದೆ. ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ಪಡಸಾಲೆ, ಅಂಗಳ, ಕೋಪರಿಯ ಅರ್ಧ ಬೀದಿಗೆ ನನ್ನ ಒಪ್ಪಿಗೆ ಕೇಳಿಸಿತು.

ಎಲ್ಲರೂ ಎರಡನೆಯ ಸಾಲಿನ ಕಡೆ ತಿರುಗಿದರು. ಸರೋಜಾಳ ಕುರ್ಚಿ ಖಾಲಿ ಇತ್ತು. ಅವಳು ಹಿಂದುಗಡೆ ಚಹಾದವನ ಮೇಜಿನಲ್ಲಿದ್ದಳು. ಅವನ ಸೋಸುವ ಜಾಳಿಗೆಯನ್ನೂ ಒಂದು ಸ್ಟೀಲಿನ ಜಗ್ಗನ್ನೂ ಎತ್ತಿಕೊಂಡು ನೇರ ವೇದಿಕೆಗೆ ಬಂದಳು. "ಅಹೋ ತಾಈ, ಗಾಳಣಿ!" ಎನ್ನುತ್ತ ಅವನೂ ಹಿಂದೆ ಓಡಿ ಬಂದ. ಮರಿ ಹಿಡಿಯಲು ಹತ್ತು ಕೈ ಒದ್ದಾಡುತ್ತಿದ್ದವು. ಸರೋಜಾ ಅವರನ್ನೆಲ್ಲ ಸರಿಸಿ ತಾಯಿಯನ್ನೇ ಎತ್ತಿ ಜಗ್ಗಿಗೆ ಹಾಕಿದಳು. ಆಮೇಲೆ ಆ ನೀಲಿ ಬಾಲದವನನ್ನು. ಭರಣಿಯಲ್ಲಿ ಉಳಿದ ಮರಿಗಳು ಮಾತ್ರ ಇದ್ದವು. ಜಾಳಿಗೆಯನ್ನು ಸೆರಗಿನಿಂದ ಒರೆಸಿ ಚಹಾದವನಿಗೆ ಕೊಟ್ಟಳು. ಯಾರ ಮುಖವನ್ನೂ ನೋಡಲಿಲ್ಲ. ಅಂದು ಯಾರೂ ಚಹಾ ಕುಡಿಯಲಿಲ್ಲ.

ಶಾಲಿನಿ ಮಗಳನ್ನು ಕರೆದುಕೊಂಡು ಮೊದಲೇ ಹೊರಟುಹೋದಳು. ಮಧ್ಯಾಹ್ನದ ಗಾಡಿ ಖಾಲಿ ಇತ್ತು. ಸರೋಜಾ ಕಿಟಕಿಯ ಪಕ್ಕ ಮರಿಗಳ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಎದುರಿಗೆ ಸಂಘದವರ ಜಗ್ಗು ಹಿಡಿದು ಕೂತೆ. ಕಳವಾ ದಾಟಿದ ಮೇಲೆ ಅವಳು ಕೇಳಿದಳು.

"ಏನಂತ ಹೇಳಿದ್ರಿ ಅಕಿಗೆ?"

"ಅದ... ಮಕ್ಕಳಿಲ್ಲ, ಆದರ ಆರಾಮ ಅದೀವಿ ಅಂತ. ಅಕಿ ಅಳಾಕತ್ತಿದ್ಳು. ಮೀನಿಗೆ ಹೋಲಿಸಬಾರದಿತ್ತು. ತಪ್ಪಾತು."

"ಮೀನಿಗೆ ಹೋಲಿಸಿದ್ದಕ್ಕ ನನಗ ಸಿಟ್ಟಿಲ್ಲ. ಮೀನೇನು, ಛಲೋನ ಅದಾವ." ಅವಳು ಕಿಟಕಿಯಾಚೆ ಖಾಡಿಯ ನೀರಿನ ಕಡೆ ನೋಡುತ್ತಿದ್ದಳು. "ಆರಾಮ ಅದೀವಿ ಅಂದ್ರೆಲ್ಲ. ನನ್ನ ಯಾವಾಗ ಕೇಳಿದ್ರಿ?"

ಮುಂಬ್ರಾದ ಗುಡ್ಡ ಬಂತು. ದಿವಾ ಬಂತು. ಡೊಂಬಿವಲಿಯೂ ಬಂತು. ನಾನು ಜಗ್ಗು ಹಿಡಿದುಕೊಂಡು ಇಳಿದೆ.

ಆಮೇಲೆ ಪೂರ್ವಾ ಬರಲಿಲ್ಲ. ಶಾಲೆ ಶುರುವಾಯಿತು, ಮಳೆ ಹಿಡಿಯಿತು. ಸಂಜೆ ಪಕ್ಕದ ಮನೆಯ ಬಾಗಿಲು ತೆರೆದ ಸದ್ದಾದಾಗಲೆಲ್ಲ ಸರೋಜಾಳ ಕೈ ನಿಲ್ಲುತ್ತಿತ್ತು. ಮತ್ತೆ ಅದೇ ಚಪಾತಿಯನ್ನು ಇನ್ನಷ್ಟು ಲಟ್ಟಿಸುತ್ತಿದ್ದಳು. ಆ ದಿನಗಳಲ್ಲಿ ನಮ್ಮ ಮನೆಯ ಚಪಾತಿಯ ಮೂಲಕ ಪೇಪರು ಓದಬಹುದಿತ್ತು.

ತಡೆಯಲಾರದೆ ಒಂದು ದಿನ ಕ್ಷಮೆ ಕೇಳಲು ಹೊರಟೆ. ಬರಿಗೈಯಲ್ಲಿ ಹೋಗಬಾರದೆಂದು ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಗಪ್ಪಿ ಒಯ್ದೆ. ಬಾಗಿಲು ತೆರೆದವರು ಶಾಲಿನಿಯ ಗಂಡ ದಯಾನಂದ. ಚೀಲವನ್ನು ದೀಪಕ್ಕೆ ಹಿಡಿದು ನೋಡಿದರು.

"ಇಷ್ಟು ಸಣ್ಣದಾ ಗುರುನಾಥ್ರೇ? ಸಾರಿಗೂ ಆಗುದಿಲ್ಲ ಅಲ್ಲ ಮಾರಾಯ್ರೆ!"

ಶಾಲಿನಿ ಒಳಗಿನಿಂದ ಬಂದಳು. ನಾನು ತಯಾರು ಮಾಡಿಕೊಂಡಿದ್ದ ಕ್ಷಮಾಪಣೆಯನ್ನು ಅರ್ಧಕ್ಕೇ ತಡೆದಳು.

"ನಿಮ್ಮ ಮೇಲೆ ಕೋಪ ಇತ್ತು ಅಣ್ಣ, ಈಗ ಇಲ್ಲ. ಆದರೆ ಸರೋಜಕ್ಕನ ಮುಖ ನೋಡ್ಲಿಕ್ಕೆ ನನಗೆ ನಾಚಿಕೆ ಆಗ್ತದೆ. ಅಷ್ಟು ಜನರ ಮುಂದೆ, ನನ್ನ ಮಗಳ ಬಾಯಿಯಿಂದ ಬಂತಲ್ಲ. ಅವರಿಗೆ ಎಷ್ಟು ಬೇಜಾರಾಗಿರ್ಲಿಕ್ಕಿಲ್ಲ? ಇವಳು ದಿನಾ ಕೇಳ್ತಾಳೆ. ಯಾವ ಮುಖದಲ್ಲಿ ಕಳಿಸುದು?"

"ಏ, ಅಕಿಗೇನೂ ಬ್ಯಾಸರ..." ಎಂದವನು ನಾಲಿಗೆ ಕಚ್ಚಿಕೊಂಡೆ. "ತಡೀರಿ. ಕೇಳಿ ಬರ್ತೀನಿ."

ಮನೆಗೆ ಬಂದೆ. ಸರೋಜಾ ಅಕ್ಕಿ ಆರಿಸುತ್ತಿದ್ದಳು.

"ಪೂರ್ವಾಗ ಬಾ ಅನ್ಲೇನು?" ಎಂದೆ. "ನಿನಗ ತ್ರಾಸ ಆಗೂದಿದ್ರ ಬ್ಯಾಡ."

ಅವಳು ತಲೆ ಎತ್ತಿ ನನ್ನನ್ನು ಹೊಸಬನನ್ನು ನೋಡಿದ ಹಾಗೆ ನೋಡಿದಳು.

"ತ್ರಾಸ ಆಗ್ತದ," ಎಂದಳು. "ಅಕಿ ಬಂದು ಹೊಳ್ಳಿ ಹೋಗೂ ಮುಂದ ದಿನಾ ಆಗ್ತದ. ಮೊದಲಿಂದನೂ. ಆದರೂ ಬಾ ಅನ್ರಿ."

ಪೂರ್ವಾ ಅಂದೇ ಬಂದಳು. ನನ್ನನ್ನು ದಾಟಿ ಸೀದಾ ಸರೋಜಾಳ ಹತ್ತಿರ ಹೋದಳು. ಈಗ ಸಂಜೆಯಾದರೆ ಇಬ್ಬರೂ ಮರಿಗಳ ಟ್ಯಾಂಕಿನ ಮುಂದೆ ಕೂರುತ್ತಾರೆ. ಬದುಕಿದ ಮರಿಗಳು ದೊಡ್ಡವಾಗಿವೆ. ಕೆಲವಕ್ಕೆ ಅಪ್ಪನ ಡೊಂಕು ಬಂದಿದೆ. ಯಾವುದನ್ನೂ ಆರಿಸಿ ಬೇರೆ ಮಾಡಕೂಡದೆಂದು ನನಗೆ ತಾಕೀತು. ನಾನು ಪೇಪರಿನ ಹಿಂದೆ ಬಾಯಿ ಮುಚ್ಚಿ ಕೂರುತ್ತೇನೆ.

ಮೊನ್ನೆ ಇಬ್ಬರೂ ಗುಸುಗುಸು ನಗುತ್ತಿದ್ದರು. ತಡೆಯಲಾಗಲಿಲ್ಲ. "ಏನು ನಡದದ ಅಲ್ಲಿ?"

"ಆಂಟಿ ಎಲ್ಲಾ ಮೀನಿಗೆ ಹೆಸರು ಇಡ್ತಿದ್ದಾರೆ," ಎಂದಳು ಪೂರ್ವಾ. ತನ್ನ ಹೆಸರು, ಮಮ್ಮಿ ಹೆಸರು, ಮೇಲಿನ ಮಾಳಿಗೆಯ ಅಜ್ಜಿಯ ಹೆಸರು ಎಂದು ಬೆರಳಿಟ್ಟು ತೋರಿಸಿದಳು. ಚಹಾದವನ ಹೆಸರಿಗೂ ಒಂದು ಮೀನಿತ್ತು.

ನಾನು ಪೇಪರು ಕೆಳಗಿಟ್ಟೆ. "ಮತ್ತ ನನ್ನ ಹೆಸರಿಂದು ಯಾವುದು?"

"ನಿಮ್ಮ ಹೆಸರು ಯಾವುದಕ್ಕೂ ಇಟ್ಟಿಲ್ಲ ಅಂಕಲ್."

"ಯಾಕ?"

ಪೂರ್ವಾ ಸರೋಜಾಳ ಕಡೆ ನೋಡಿದಳು. ಸರೋಜಾ ಮೀನಿಗೆ ಊಟ ಹಾಕುವುದರಲ್ಲಿ ಮಗ್ನಳಾಗಿದ್ದಳು.

"ಆಂಟಿ ಬೇಡ ಅಂದ್ರು," ಎಂದಳು ಪೂರ್ವಾ, ಸ್ವಚ್ಛ ಕನ್ನಡದಲ್ಲಿ. "ಆ ಹೆಸರಿಂದು ಮನೆಯಲ್ಲಿ ಒಂದೇ ಸಾಕಂತೆ. ಅದನ್ನ ಸಾಕೋದ್ರಲ್ಲೇ ಅವರಿಗೆ ಸಾಕಾಗಿದೆಯಂತೆ."